ಮಟಮಟ ಮಧ್ಯಾಹ್ನ ಮುಂಬಯಿ ಹುಡುಕುವವರಿಗೆ

"ರಾತ್ರಿ ಮುಂಬಯಿ ಚಲೋ ಬರತಿತ್ರೀ. ಮುಂಜಾನೆ ಹಚ್ಚಿದ್ರ ಬರೇ ಖರ್ ಖರ್." ಹುಬ್ಬಳ್ಳಿಯ ನನ್ನ ರೇಡಿಯೊ ರಿಪೇರಿ ಅಂಗಡಿಗೆ, ಮುಂಬಯಿ ಸ್ಟೇಷನ್ ಬಗ್ಗೆ ಈ ದೂರು ಹೊತ್ತು ಬರುವವರು ಇನ್ನೂ ಇದ್ದಾರೆ. ಸೆಟ್ಟಿಗೆ ಏನೂ ಆಗಿಲ್ಲ ಅಂದರೆ ನಂಬುವುದಿಲ್ಲ, ಕೆಲಸಗಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ.

ಇಂಥ ಸ್ಟೇಷನ್‌ಗಳನ್ನು ಹೊತ್ತು ತರುವ ಮೀಡಿಯಂ ವೇವ್ ತರಂಗಕ್ಕೆ ಎರಡು ಹಾದಿ. ಒಂದು ನೆಲ ಹಿಡಿದು ಬರುವುದು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಹಗಲು ಕೇಳಿಸುವುದು ಹೀಗೆ. ಇನ್ನೊಂದು ಮೇಲೇರಿ ಹೋಗುವುದು. ಜನ ಎಡವುವುದು ಇಲ್ಲೇ. ಬಿಸಿಲಿರುವಷ್ಟು ಹೊತ್ತು, ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ ಕಣಗಳಿರುವ ಗಾಳಿಯ ಪದರವೊಂದು ಇರುತ್ತದೆ, ಅದರ ಹೆಸರು ಡಿ ಪದರ. ಅದನ್ನು ಹುಟ್ಟಿಸುವವನು ಸೂರ್ಯ. ಮೇಲೇರುವ ತರಂಗವನ್ನು ಅದು ನುಂಗಿಬಿಡುತ್ತದೆ. ಹೊತ್ತು ಮುಳುಗಿತೋ, ಆ ಪದರ ಕರಗುತ್ತದೆ. ತರಂಗ ಇನ್ನೂ ಮೇಲಿನ ಪದರಗಳಿಗೆ ಬಡಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಮತ್ತೊಮ್ಮೆ ಹೇಳುತ್ತೇನೆ: ಮುಂಬಯಿ ನಿಮ್ಮ ಮನೆಗೆ ಬರುವುದು ಮೇಲಿನಿಂದ, ಹಗಲು ಆ ದಾರಿ ಬಂದ್. ರಾತ್ರಿ ದನಿ ಉಬ್ಬಿ ಇಳಿಯುವುದೂ ಮೇಲಿನ ಪದರ ಒಂದೇ ಸಮ ಇರದ ಕಾರಣಕ್ಕೆ.

ನವಲಗುಂದ ಕಡೆಯ ಹಿರಿಯರೊಬ್ಬರಿಗೆ ಮರಾಠಿ ನಾಟ್ಯಗೀತೆಯ ಹುಚ್ಚು. ಹಗಲು ಬರಲಿಲ್ಲವೆಂದು ಮೊಮ್ಮಗ ಸೆಟ್ ಬಿಚ್ಚಿ, ಒಳಗಿನ ಬಣ್ಣದ ಕಾಯಿಲ್‌ಗಳನ್ನೆಲ್ಲ ಸ್ಕ್ರೂಡ್ರೈವರ್ ಹಾಕಿ ತಿರುವಿದ್ದ. ಈಗ ಧಾರವಾಡವೂ ಇಲ್ಲ! ಅವನ್ನು ಸೆಟ್ಟಿನ ಒಳಗಿನ ಕಂಪನಾಂಕವಾದ 455 ಕಿಲೋಹರ್ಟ್ಸ್‌ಗೆ ಮತ್ತೆ ಕೂರಿಸಲು ನನಗೆ ಅರ್ಧ ದಿನ ಹಿಡಿಯಿತು.

ಸೆಟ್ ಕೆಡುವುದೇ ಇಲ್ಲ ಅನ್ನುತ್ತಿಲ್ಲ. ತರುವ ಮುಂಚೆ ಹಗಲಲ್ಲಿ ಸೆಲ್ ಹಾಕಿ, ಖರ್ ಖರ್ ಎಬ್ಬಿಸುವ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಎಲ್ಲ ಬಂದ್ ಮಾಡಿ ಧಾರವಾಡ ಹಚ್ಚಿ ನೋಡಿ. ಸೆಲ್ ಹಾಕುವ ಸಣ್ಣ ಸೆಟ್ಟುಗಳಲ್ಲಿ ಉದ್ದ ಏರಿಯಲ್ ಎಳೆದು ಮಾಳಿಗೆ ಹತ್ತುವುದು ಸಾಮಾನ್ಯವಾಗಿ ದಂಡ, ಅದಿರುವುದು ಎಫ್‌ಎಂ, ಶಾರ್ಟ್‌ವೇವ್‌ಗೆ. ಮೀಡಿಯಂ ವೇವ್ ಹಿಡಿಯುವುದು ಒಳಗಿನ ಫೆರೈಟ್ ಕಡ್ಡಿ, ಅಂದರೆ ತಂತಿ ಸುತ್ತಿದ ಕಪ್ಪು ಕಡ್ಡಿ. ಸೆಟ್ಟನ್ನೇ ನಿಧಾನ ತಿರುಗಿಸಿ, ದನಿ ಎಲ್ಲಿ ಹೆಚ್ಚುತ್ತದೋ ಅಲ್ಲಿ ಬಿಡಿ. ಹುಬ್ಬಳ್ಳಿಯಲ್ಲಿ ಕೂತು ಧಾರವಾಡವೇ ಬರದಿದ್ದರೆ ಆಗ ನನ್ನ ಹತ್ತಿರ ಬನ್ನಿ.

ಆ ಹಿರಿಯರಿಗೆ, "ಅಜ್ಜಾರ, ಸಂಜೀ ಎಂಟಕ್ಕ ಬರ್ರಿ, ಮುಂಬಯಿ ಕೇಳಿಸೇ ಕೊಡ್ತೀನಿ" ಅಂದೆ.

"ಎಂಟಕ್ಕ ಬಂದ್ರ ಊರಿಗೆ ಬಸ್ ಎಲ್ಲೈತೋ ತಮ್ಮಾ? ಈಗ ಹಚ್ಚು, ನೋಡೋಣು."