ಎರಡು ಬೆರಳು ಸಾಲಲ್ಲ ಗುರು

ನನ್ನ ಗ್ಯಾರೇಜಿಗೆ ಬೈಕ್ ತರುವವರು ಗಾಡಿ ಕೀಲಿ ಕೊಡುವ ಮೊದಲೇ ಫೋನ್ ತೋರಿಸುತ್ತಾರೆ. ಯಾವುದೋ ಬಾಬರ್ ಫೋಟೊ, ಅಂದರೆ ಮಡ್‌ಗಾರ್ಡ್ ಕತ್ತರಿಸಿ ಗಿಡ್ಡ ಮಾಡಿದ ಬೈಕಿನದು. ಹಿಂದಿನ ಮಡ್‌ಗಾರ್ಡ್ ಟೈರಿಗೆ ಅಂಟಿಕೊಂಡ ಹಾಗಿರುತ್ತದೆ. "ಅಣ್ಣಾ, ಹಿಂಗೇ ಬೇಕು. ಎರಡು ಬೆರಳು ಗ್ಯಾಪ್ ಸಾಕು."

ಎಷ್ಟು ಕತ್ತರಿಸಬೇಕು, ಯಾವ ಬಣ್ಣ, ಅದೆಲ್ಲ ಅವರವರ ಖುಷಿ. ನನ್ನ ಜಗಳ ಈ ಎರಡು ಬೆರಳಿನ ಜೊತೆ ಮಾತ್ರ.

ಡಬಲ್ ಸ್ಟ್ಯಾಂಡ್ ಹಾಕಿದಾಗ ಕಾಣುವ ಗ್ಯಾಪ್ ನಿಜವಾದ ಗ್ಯಾಪ್ ಅಲ್ಲ. ಆಗ ಹಿಂದಿನ ಚಕ್ರ ಜೋತುಬಿದ್ದಿರುತ್ತದೆ, ಶಾಕ್, ಅಂದರೆ ಗುಂಡಿಯ ಏಟು ತಡೆಯುವ ಸ್ಪ್ರಿಂಗ್, ಪೂರ್ತಿ ಉದ್ದ ಆಗಿರುತ್ತದೆ. ಸ್ಟ್ಯಾಂಡ್ ತೆಗೆದು ನೀವು ಕೂತರೆ ಸ್ವಲ್ಪ ಕುಗ್ಗುತ್ತದೆ. ಹಿಂದೆ ಇನ್ನೊಬ್ಬರು ಕೂತರೆ ಇನ್ನಷ್ಟು. ಆಮೇಲೆ ನಮ್ಮ ಬೆಂಗಳೂರಿನ ಗುಂಡಿಗಳಿವೆಯಲ್ಲ! ಮಡ್‌ಗಾರ್ಡನ್ನು ಫ್ರೇಮಿಗೆ ಬೋಲ್ಟ್ ಮಾಡಿರುತ್ತಾರೆ, ಅದು ಕದಲಲ್ಲ. ಚಕ್ರ ಇರುವುದು ಸ್ವಿಂಗ್‌ಆರ್ಮ್ ತುದಿಯಲ್ಲಿ, ಅಂದರೆ ಮೇಲೆ ಕೆಳಗೆ ಆಡುವ ತೋಳಿನ ತುದಿಯಲ್ಲಿ, ಅದು ಮೇಲೇಳುತ್ತದೆ. ರಾಯಲ್ ಎನ್‌ಫೀಲ್ಡ್‌ನ ಹಳೇ ಕ್ಲಾಸಿಕ್ 350ರ ಹಿಂದಿನ ಶಾಕ್ ಓಡಾಟ 80 ಮಿ.ಮೀ. ನಾಲ್ಕು ಬೆರಳು ಜೋಡಿಸಿ ಸ್ಕೇಲ್ ಇಟ್ಟು ನೋಡಿ, ಹೆಚ್ಚುಕಮ್ಮಿ ಅಷ್ಟೇ. ನೀವು ಬಿಡಲು ಹೇಳಿದ್ದು ಎರಡು. ಉಳಿದೆರಡು ಬೆರಳು ಜಾಗಕ್ಕೆ ಚಕ್ರ ಎಲ್ಲಿಗೆ ಹೋಗಬೇಕು?

"ಶಾಕ್ ಟೈಟ್ ಮಾಡಿಸ್ತೀನಿ ಬಿಡಿ" ಅನ್ನುತ್ತಾರೆ. ಟೈಟ್ ಮಾಡಿದರೆ ಗಾಡಿ ಅಷ್ಟು ಸುಲಭಕ್ಕೆ ಕುಗ್ಗಲ್ಲ, ನಿಜ. ಆದರೆ ದೊಡ್ಡ ಗುಂಡಿಯಲ್ಲಿ ಬಿದ್ದಾಗ ಶಾಕ್ ಕೊನೆಗೆ ಹೋಗಿ ನಿಲ್ಲುವ ಜಾಗ ಮೊದಲು ಎಲ್ಲಿತ್ತೋ ಅಲ್ಲೇ ಇರುತ್ತದೆ.

ಫೋನಿನಲ್ಲಿರುವ ಗಾಡಿಯೂ ಸುಳ್ಳಲ್ಲ. ಹೆಚ್ಚಾಗಿ ಅದು ಹಾರ್ಡ್‌ಟೇಲ್, ಅಂದರೆ ಹಿಂದೆ ಶಾಕೇ ಇಲ್ಲ. ಇಲ್ಲವಾದರೆ ಟ್ರಯಂಫ್ ಬಾಬರ್ ತರಹ ಮಡ್‌ಗಾರ್ಡ್ ಕೂಡ ಚಕ್ರದ ಜೊತೆಗೇ ಏಳುತ್ತದೆ. ಅಂಥ ಗಾಡಿಗೆ ಹಳೇ ಚೈನನ್ನು ಟೈರ್ ಮೇಲೆ ಹಾಸಿ, ಅದರ ಮೇಲೆ ಮಡ್‌ಗಾರ್ಡ್ ಕೂರಿಸಿ ಗುರುತು ಮಾಡಬಹುದು. ನಮ್ಮ ಹುಡುಗರು ವಿಡಿಯೋದಲ್ಲಿ ಚೈನ್ ನೋಡುತ್ತಾರೆ, ಶಾಕ್ ಇಲ್ಲದ್ದನ್ನು ನೋಡಲ್ಲ. ಬುಲೆಟ್ಟಿಗೆ 1949ರಲ್ಲೇ ಸ್ವಿಂಗ್‌ಆರ್ಮ್, ಶಾಕ್ ಎರಡೂ ಬಂದಾಯಿತು ಕಣಪ್ಪಾ!

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದ. ಮಡ್‌ಗಾರ್ಡ್ ಬೇರೆ ಕಡೆ ಮಾಡಿಸಿದ್ದು. ಟಿಂಕರಿಂಗ್ ಕೆಲಸ ಚೆನ್ನಾಗಿಯೇ ಇತ್ತು, ಸುಮ್ನೆ ಹೊಗಳುತ್ತಿಲ್ಲ. ತಂಗಿಯನ್ನು ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗಿದ್ದಾನೆ. ವಾಪಸ್ ಬರುವಾಗ ಹಿಂದಿನ ಲೈಟ್ ಇಲ್ಲ. ಫ್ಯೂಸ್ ಹಾಕಿದರೆ ಮತ್ತೆ ಹೋಯಿತು. ಮಡ್‌ಗಾರ್ಡ್ ಬಿಚ್ಚಿ ತಿರುಗಿಸಿದೆ. ಒಳಗಡೆ ನಡುವಿನಲ್ಲಿ ಒಂದು ಗೇಣು ಉದ್ದ ಪೇಂಟೇ ಇಲ್ಲ, ತಗಡು ಲೋಟದ ತರಹ ಹೊಳೆಯುತ್ತಿತ್ತು. ಪಕ್ಕದಲ್ಲಿ ಲೈಟಿನ ವೈರ್. ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣುತ್ತಿತ್ತು. "ನಾನೊಬ್ಬನೇ ಓಡಿಸುವಾಗ ಏನೂ ಆಗಿರಲಿಲ್ಲ ಅಣ್ಣಾ" ಅಂದ. ಅದೇ ವಿಷಯ ಅಲ್ವಾ? ಬೈಯೋಣ ಅಂದುಕೊಂಡೆ. ಆ ಹುಡುಗಿ ಮುಖ ನೋಡಿ ಟೀ ತರಿಸಿದೆ.

ನಾನು ಮಾಡುವುದು ಹೀಗೆ. ಎರಡೂ ಶಾಕ್ ಬಿಚ್ಚುತ್ತೇನೆ. ಪೂರ್ತಿ ಒತ್ತಿದಾಗ ಶಾಕ್ ಎಷ್ಟು ಉದ್ದ ಇರುತ್ತದೋ ಅಷ್ಟಕ್ಕೆ ಕಬ್ಬಿಣದ ಪಟ್ಟಿಗೆ ಎರಡು ತೂತು ಹೊಡೆದು, ಶಾಕ್ ಜಾಗದಲ್ಲಿ ಅದನ್ನೇ ಬೋಲ್ಟ್ ಮಾಡುತ್ತೇನೆ. ಈಗ ಚಕ್ರ ಇದಕ್ಕಿಂತ ಮೇಲೆ ಹೋಗಲ್ಲ. ಆ ಸ್ಥಿತಿಯಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ 15 ಮಿ.ಮೀ. ಬಿಡುತ್ತೇನೆ. ಅಳೆಯುವುದು ತಗಡಿನಿಂದಲ್ಲ, ಒಳಗೆ ಚಾಚಿಕೊಂಡ ಬೋಲ್ಟಿನ ತಲೆಯಿಂದ. ಚೈನ್ ಬಿಗಿ ಮಾಡಲು ಚಕ್ರವನ್ನು ಹಿಂದೆ ಮುಂದೆ ಸರಿಸುವ ಅಡ್ಜಸ್ಟರ್ ಪೂರ್ತಿ ಮುಂದಿದ್ದಾಗ ಒಮ್ಮೆ, ಪೂರ್ತಿ ಹಿಂದಿದ್ದಾಗ ಒಮ್ಮೆ ನೋಡುತ್ತೇನೆ. ಇದು ನನ್ನ ಲೆಕ್ಕ. ನಿಮ್ಮ ಗಾಡಿಗೆ ನೀವೇ ಅಳೆಯಬೇಕು. ನಾಳೆ ದಪ್ಪ ಟೈರ್ ಹಾಕಿದರೆ ಮತ್ತೆ ಮೊದಲಿಂದ.

ಶಾಕ್ ವಾಪಸ್ ಹಾಕಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ತಕ್ಷಣ ಗಿರಾಕಿ ಮುಖ ಬಾಡುತ್ತದೆ. "ಇಷ್ಟು ಮೇಲಾ?" ಅನ್ನುತ್ತಾರೆ. ಕೂತು ನೋಡಿ ಅನ್ನುತ್ತೇನೆ. ನಿಂತ ಗಾಡಿ ಚೆಂದ ಕಾಣಬೇಕು ಅಂತಿದ್ದರೆ ನಿಲ್ಲಿಸಿಯೇ ಇಟ್ಟುಕೊಳ್ಳಿ.

ಕಾನೂನಿನ ಬಗ್ಗೆ ನಾನು ಜಾಸ್ತಿ ಮಾತಾಡಲ್ಲ. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಜೈಲಿನ ಮಾತೂ ಅದರಲ್ಲಿದೆ. ಹಿಂದೆ ಕೂರುವವರಿಗೆ ಹಿಡಿಕೆ, ಸೀರೆ ಗಾರ್ಡ್ ಇರಲೇಬೇಕು. ಮೊದಲು ಆರ್‌ಟಿಒದಲ್ಲಿ ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ.

ಆ ಹುಡುಗನ ಹಳೇ ಮಡ್‌ಗಾರ್ಡನ್ನು ಗುಜರಿಗೆ ಹಾಕಿಲ್ಲ. ಗೋಡೆಗೆ ತಲೆಕೆಳಗಾಗಿ ನೇತುಹಾಕಿದ್ದೇನೆ. ಫೋನ್ ತೆಗೆದವರನ್ನೆಲ್ಲ ಕರೆದುಕೊಂಡು ಹೋಗಿ ಆ ಹೊಳೆಯುವ ಜಾಗ ಮುಟ್ಟಿಸುತ್ತೇನೆ. ಮೊನ್ನೆ ಒಬ್ಬರು ಮುಟ್ಟಿ, ಸವರಿ, ಸುಮಾರು ಹೊತ್ತು ಯೋಚನೆ ಮಾಡಿ ಕೇಳಿದರು: "ಹಾಗಾದ್ರೆ ಮೂರು ಬೆರಳು ಬಿಟ್ರೆ?"