ಟ್ರೇಲ್ ಹಾಳು ಮಾಡುವುದು ಯಾರು? ಸೈಕಲ್ಲಾ, ಶೂನಾ?

ಪ್ರಶ್ನೆ: ನಾನು ಪಾರ್ಕಿನ ಮಣ್ಣಿನ ಟ್ರೇಲ್‌ನಲ್ಲಿ ಓಡುತ್ತೇನೆ. ಅದೇ ದಾರಿಯಲ್ಲಿ ಮೌಂಟನ್ ಬೈಕ್‌ನವರೂ ಬರುತ್ತಾರೆ. ದಾರಿ ಕಿತ್ತುಹೋಗುತ್ತಿರುವುದು ಅವರಿಂದಲೇ ಅಲ್ವಾ?

ಉತ್ತರ: ನೋಡಿದರೆ ಹಾಗೇ ಅನ್ನಿಸುತ್ತದೆ. ಟೈರ್ ಗುರುತು ಉದ್ದಕ್ಕೂ ಗೆರೆ ಎಳೆದಂತೆ ಕಾಣುತ್ತದೆ, ಶೂ ಗುರುತು ಅಲ್ಲೊಂದು ಇಲ್ಲೊಂದು. ಆದರೆ ಅಳತೆ ಮಾಡಿದವರಿಗೆ ಸಿಕ್ಕಿದ್ದು ಬೇರೆಯದೇ ಉತ್ತರ. ಅಮೆರಿಕದ ಮೊಂಟಾನಾದಲ್ಲಿ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಕ್ರಗಳಿಗಿಂತ ಕುದುರೆ ಗೊರಸು ಮತ್ತು ಮನುಷ್ಯರ ಕಾಲೇ ಜಾಸ್ತಿ ಮಣ್ಣು ಸಡಿಲ ಮಾಡಿದ್ದವು. ಕೆನಡಾದ ಒಂಟಾರಿಯೋದ ಒಂದು ಕಾಡಿನಲ್ಲಿ ಒಂದೇ ಜಾಗದ ಮೇಲೆ 500 ಸಲದವರೆಗೆ ನಡೆದಾಡಿಸಿ, ಸೈಕಲ್ ಓಡಿಸಿ ನೋಡಿದರು. 2001ರಲ್ಲಿ ಬಂದ ಆ ವರದಿಯ ಪ್ರಕಾರ, ಗಿಡಕ್ಕೂ ಮಣ್ಣಿಗೂ ಆದ ಹಾನಿಯಲ್ಲಿ ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡೂ ಕಡೆ ಪರೀಕ್ಷೆಯಾದದ್ದು ನಡೆಯುವವರ ಮೇಲೆ, ಓಡುವವರ ಮೇಲಲ್ಲ. ಅಷ್ಟು ರಿಯಾಯಿತಿ ನಿಮಗಿರಲಿ.

ಹಾಗಂತ ಸೈಕಲ್‌ನವರಿಗೆ ಪೂರ್ತಿ ಮಾಫಿ ಇಲ್ಲ. ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಚಕ್ರ ಜಾರಿಸುತ್ತಾ ಇಳಿದರೆ ಮಣ್ಣು ಕಿತ್ತು ಬರುತ್ತದೆ. ಇಳಿಜಾರಿನಲ್ಲಿ ಚಕ್ರ ಕೊರೆದ ಉದ್ದನೆಯ ಗೆರೆ ನೀರಿಗೆ ಸಿದ್ಧ ಕಾಲುವೆ.

ಅಸಲಿ ಆರೋಪಿ ಆ ನೀರೇ. ಒಳ್ಳೆಯ ಟ್ರೇಲ್ ಗುಡ್ಡದ ಕೆಳಬದಿಗೆ ಸ್ವಲ್ಪ ವಾಲಿರುತ್ತದೆ, ಸುಮಾರು ಶೇ 5ರಷ್ಟು. ಬಿದ್ದ ನೀರು ದಾರಿಯನ್ನು ಅಡ್ಡ ದಾಟಿ ಹೊರಗೆ ಹೋಗಬೇಕು, ದಾರಿಗುಂಟ ಹರಿಯಬಾರದು. ಟ್ರೇಲ್ ಕಟ್ಟುವವರಲ್ಲಿ ಇನ್ನೊಂದು ಲೆಕ್ಕವಿದೆ: ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡ ಶೇ 20 ಇಳಿಜಾರಿದ್ದರೆ ದಾರಿ ಶೇ 10ರೊಳಗೆ ಏರಬೇಕು. ಮೀರಿದರೆ ನೀರು ದಾರಿಯನ್ನೇ ಹಿಡಿದು ಇಳಿಯುತ್ತದೆ. ನೆತ್ತಿಯಿಂದ ನೇರ ಕೆಳಕ್ಕೆ ಬಿದ್ದ ಹಳೆಯ ದಾರಿಗಳನ್ನು ಎಷ್ಟು ರಿಪೇರಿ ಮಾಡಿದರೂ ಉಳಿಯದಿರುವುದು ಇದಕ್ಕೇ.

ನಮ್ಮೆಲ್ಲರ ಪಾಲು ಶುರುವಾಗುವುದು ಇಲ್ಲಿ. ಕಾಲಾಗಲಿ ಚಕ್ರವಾಗಲಿ, ನಡುವಿನ ಮಣ್ಣನ್ನು ತುಳಿದು ತಗ್ಗು ಮಾಡುತ್ತದೆ. ಕೆಳಬದಿಯ ಅಂಚಿನಲ್ಲಿ ಮಣ್ಣು ಸೇರಿ ಸಣ್ಣ ದಿಬ್ಬ ಏಳುತ್ತದೆ. ನೀರು ಹೊರಗೆ ಹೋಗಲಾರದೆ ನಿಲ್ಲುತ್ತದೆ. ಆಮೇಲೆ ಎಲ್ಲರೂ ಶೂ ಒದ್ದೆಯಾಗದಂತೆ ಪಕ್ಕದ ಹುಲ್ಲಿನ ಮೇಲೆ ಹಾದುಹೋಗುತ್ತಾರೆ. ಒಂದಾಳು ಅಗಲದ ದಾರಿ ನಾಲ್ಕಾಳು ಅಗಲದ ಕೆಸರಾಗುತ್ತದೆ. ಇದರಲ್ಲಿ ಓಟಗಾರರದ್ದೇ ದೊಡ್ಡ ಕೈ ಅಂತ ನನ್ನ ಅನಿಸಿಕೆ, ಬೇಜಾರಾಗಬೇಡಿ. ಗುಂಡಿ ಸಿಕ್ಕರೆ ಅದರ ನಡುವೆಯೇ ಹೋಗಿ, ಶೂ ಒಣಗುತ್ತದೆ. ಹೆಜ್ಜೆ ಆಳವಾಗಿ ಹೂತು ಅಚ್ಚು ಉಳಿಯುತ್ತಿದ್ದರೆ ಆವತ್ತು ಡಾಂಬರು ರಸ್ತೆಯಲ್ಲಿ ಓಡಿ. ಸೈಕಲ್‌ನವರಿಗೂ ಇದೇ ಮಾತು.

ದಾರಿ ಬಿಡುವ ವಿಷಯದಲ್ಲಿ ಜಾಸ್ತಿ ಗೊಂದಲ ಬೇಡ. ಸಾಮಾನ್ಯ ರೂಢಿ ಏನೆಂದರೆ, ಸೈಕಲ್‌ನವರು ಎಲ್ಲರಿಗೂ ದಾರಿ ಬಿಡಬೇಕು, ಕಾಲಲ್ಲಿ ಹೋಗುವವರು ಕುದುರೆಗೆ ಬಿಡಬೇಕು, ಇಳಿಯುವವರು ಹತ್ತುವವರಿಗೆ ಬಿಡಬೇಕು. ಪಾರ್ಕಿನ ಬೋರ್ಡ್ ಬೇರೆ ಹೇಳಿದರೆ ಅದೇ ನಿಯಮ. ನಿಜ ಹೇಳಬೇಕೆಂದರೆ, ಕಡಿದಾದ ಏರಿನಲ್ಲಿ ಸೈಕಲ್ ನಿಂತರೆ ಮತ್ತೆ ಹೊರಡಿಸುವುದು ಕಷ್ಟ, ಓಟಗಾರ ಒಂದು ಹೆಜ್ಜೆ ಪಕ್ಕಕ್ಕೆ ನಿಂತರೆ ಮುಗಿಯಿತು. ಹಾಗಾಗಿ ಎಷ್ಟೋ ಓಟಗಾರರು ತಾವೇ ಬಿಟ್ಟುಕೊಡುತ್ತಾರೆ. ಅದು ಅವರ ದೊಡ್ಡತನ. ಸೈಕಲ್‌ನವರು ಅದನ್ನು ಹಕ್ಕು ಅಂದುಕೊಳ್ಳಬಾರದು. ಕಿವಿಗೆ ಇಯರ್‌ಫೋನ್ ಹಾಕಲೇಬೇಕೆಂದರೆ ಒಂದೇ ಕಿವಿಗೆ ಹಾಕಿ, ಹಿಂದಿನ ಬೆಲ್ ಕೇಳಿಸಬೇಕಲ್ವಾ?

ಮುಂದೆ ಪಾರ್ಕಿನವರು ಸ್ವಯಂಸೇವಕರನ್ನು ಕರೆದರೆ ಹೋಗಿ. ಮಾಡುವ ಕೆಲಸ ಹೆಚ್ಚಾಗಿ ಇದೇ: ಅಂಚಿನ ದಿಬ್ಬ ಕೆರೆದು ತೆಗೆಯುವುದು, ನೀರು ಹೊರಹೋಗುವ ಜಾಗದಲ್ಲಿ ಕಟ್ಟಿಕೊಂಡ ಎಲೆ, ಹೂಳು ಎತ್ತುವುದು, ಅಗಲವಾದ ಕಡೆ ಒಣ ಕೊಂಬೆ ಅಡ್ಡ ಹಾಕಿ ಹುಲ್ಲು ಬೆಳೆಯಲು ಬಿಡುವುದು. ಕೇಳದೆ ನೀವೇ ಗುದ್ದಲಿ ಹಿಡಿಯಬೇಡಿ. ಗುಂಡಿಗೆ ಸುಮ್ನೆ ಕಲ್ಲು, ಸೊಪ್ಪು ತುಂಬಲೂಬೇಡಿ. ನೀರು ಅದರಡಿ ಹಾಗೇ ನಿಲ್ಲುತ್ತದೆ, ಸೊಪ್ಪು ಕೊಳೆತು ಕೆಸರು ಇನ್ನೂ ಹೆಚ್ಚುತ್ತದೆ.