ಮ್ಯಾಂಟಿಸ್ ವೈವಿಧ್ಯವನ್ನು ಓದುವ ಬಗೆ: ಕೂರುವ ಜಾಗ, ತಾಳುವ ರೂಪ

ಕೈಮುಗಿದಂತೆ ಮುಂಗಾಲು ಮಡಚಿ ಬೇಟೆಗೆ ಕಾಯುವ ಕೀಟಗಳಾದ ಮ್ಯಾಂಟಿಸ್‌ಗಳ ಬಗ್ಗೆ ಓದಲು ತೊಡಗಿದವರು ಸಾಮಾನ್ಯವಾಗಿ ಅವುಗಳ ವಿಚಿತ್ರ ರೂಪಗಳಿಗೇ ಮನಸೋಲುತ್ತಾರೆ. ಜಗತ್ತಿನಲ್ಲಿ ಇದುವರೆಗೆ 2,400ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿದ್ದು, ಅವುಗಳಲ್ಲಿ ಬಹುಪಾಲು ಉಷ್ಣವಲಯದವು. ಇಷ್ಟನ್ನೂ ಹೆಸರು ಹಿಡಿದು ಕಲಿಯಲು ಹೊರಟರೆ ಬೇಗ ದಣಿವಾಗುತ್ತದೆ. ಪುಣೆಯಲ್ಲಿದ್ದುಕೊಂಡು ಕನ್ನಡದಲ್ಲೇ ಪ್ರಕೃತಿ ಅಧ್ಯಯನ ಮಾಡುತ್ತಿರುವ ನಮ್ಮ ಗುಂಪಿನ ಹೊಸಬರಿಗಾಗಿ ಈ ಟಿಪ್ಪಣಿಯಲ್ಲಿ ನಾನು ಬೇರೊಂದು ದಾರಿ ಹಿಡಿದಿದ್ದೇನೆ. ಎಲ್ಲ ಮ್ಯಾಂಟಿಸ್‌ಗಳಲ್ಲೂ ಬದಲಾಗದೆ ಉಳಿದಿರುವುದು ಯಾವುದೆಂದು ಮೊದಲು ಗಟ್ಟಿ ಮಾಡಿಕೊಂಡು, ಆ ಬಳಿಕ ಒಂದೊಂದು ಕೀಟವೂ ಎಲ್ಲಿ ಕೂತು ಬೇಟೆಗೆ ಕಾಯುತ್ತದೆ ಎಂದು ಕೇಳಿಕೊಂಡರೆ, ಆ ವಿಚಿತ್ರ ರೂಪಗಳಲ್ಲಿ ಹೆಚ್ಚಿನವುಗಳಿಗೆ ಕಾರಣ ಸಿಗುತ್ತದೆ.

ಬದಲಾಗದೆ ಉಳಿದಿರುವುದು ಮುಂಗಾಲು. ಮಳೆಗಾಲ ಮುಗಿಯುವ ಹೊತ್ತಿಗೆ ಪುಣೆಯ ಗುಡ್ಡವಾದ ವೇತಾಳ ಟೇಕಡಿಯ ಪೊದೆಗಳಲ್ಲಿ ಹೀರೊಡ್ಯುಲಾ ಎಂಬ ಕುಲದ ದಪ್ಪನೆಯ ಹಸಿರು ಮ್ಯಾಂಟಿಸ್ ಕಣ್ಣಿಗೆ ಬಿದ್ದರೆ ಅದನ್ನು ಭೂತಗನ್ನಡಿಯಲ್ಲಿ ನೋಡಬೇಕು. ಬೇರೆ ಕೀಟಗಳಲ್ಲಿ ಗಿಡ್ಡಗಿರುವ ಕಾಲಿನ ಬುಡದ ಭಾಗ, ಅಂದರೆ ಕಾಕ್ಸಾ, ಇಲ್ಲಿ ನೀಳವಾಗಿ ಬೆಳೆದಿರುವುದರಿಂದ ಕಾಲು ದೂರಕ್ಕೆ ಚಾಚಬಲ್ಲದು. ತೊಡೆಯ ಕೆಳ ಅಂಚಿನಲ್ಲಿ ಎರಡು ಸಾಲು ಮುಳ್ಳುಗಳಿದ್ದು, ಅವುಗಳ ನಡುವಿನ ಕಾಲುವೆಗೆ ಮುಂದಿನ ಭಾಗವಾದ ಟಿಬಿಯಾ ಅಡಕತ್ತರಿಯ ಅಲಗಿನಂತೆ ಮಡಚಿಕೊಂಡು ಕೂರುತ್ತದೆ. ಟಿಬಿಯಾದ ತುದಿಯಲ್ಲಿ ಬಾಗಿದ ಕೊಕ್ಕೆಯೂ ಇದೆ. ತೊಡೆಯ ಒಳಮೈಯಲ್ಲಿ ಸಣ್ಣ ಕೂದಲುಗಳ ಕುಂಚವೊಂದಿದ್ದು, ಊಟವಾದ ಮೇಲೆ ಕಣ್ಣುಗಳನ್ನು ಒರೆಸಿಕೊಳ್ಳಲು ಅದು ಬಳಕೆಯಾಗುತ್ತದೆ. ಕಣ್ಣಿನಲ್ಲಿ ಕಾಣುವ, ನಾವು ಎತ್ತ ಸರಿದರೂ ನಮ್ಮನ್ನೇ ನೋಡುವಂತಿರುವ ಕಪ್ಪು ಚುಕ್ಕೆ ನಿಜವಾದ ಪಾಪೆಯಲ್ಲ. ಸಂಯುಕ್ತ ಕಣ್ಣಿನ ಸಾವಿರಾರು ಘಟಕಗಳಲ್ಲಿ ನಮ್ಮ ಕಡೆಗೇ ಮುಖ ಮಾಡಿದವು ಬೆಳಕನ್ನು ಹೀರಿಕೊಂಡು ಕಪ್ಪಾಗಿ ಕಾಣುತ್ತವೆ, ಅಷ್ಟೆ. ಮೇಲ್ನೋಟಕ್ಕೆ ಮಿಡತೆಯ ನೆಂಟನಂತೆ ತೋರಿದರೂ ಮ್ಯಾಂಟಿಸ್‌ಗೆ ಹತ್ತಿರದ ಬಂಧುಗಳು ಜಿರಳೆ ಮತ್ತು ಗೆದ್ದಲು.

ಈಗ ಕೂರುವ ಜಾಗಗಳಿಗೆ ಬರೋಣ. ಮರದ ಕಾಂಡದ ಮೇಲೆ ಇರುವ ಹಂಬರ್ಟಿಯೆಲಾ ಚಪ್ಪಟೆಯಾಗಿದೆ, ತೊಗಟೆಯ ಬಣ್ಣ ಹೊತ್ತಿದೆ, ಕಾದು ಕೂರುವುದರ ಜೊತೆಗೆ ಓಡಿಯೂ ಬೇಟೆಯಾಡುತ್ತದೆ, ಹತ್ತಿರ ಹೋದರೆ ಸರ್ರನೆ ಕಾಂಡದ ಆಚೆ ಬದಿಗೆ ಸರಿದುಬಿಡುತ್ತದೆ. ಹುಲ್ಲಿನಲ್ಲಿರುವ ನಮ್ಮ ದೇಶದ ಸ್ಕಿಜೊಸೆಫಲಾ ಕಡ್ಡಿಯಷ್ಟು ಸಪೂರವಾಗಿದ್ದು, ದಂಟಿನ ಉದ್ದಕ್ಕೂ ಮೈಯನ್ನು ಒತ್ತಿಕೊಂಡಾಗ ಕಣ್ಣೆದುರಿಗೇ ಇದ್ದರೂ ಕಾಣುವುದಿಲ್ಲ. ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಮರುಭೂಮಿಗಳ ಎರೆಮಿಯಾಫಿಲಾಕ್ಕೆ ಅಡಗಲು ಎಲೆಯೂ ಇಲ್ಲ, ದಂಟೂ ಇಲ್ಲ; ಅದರ ಮೈ ಗಿಡ್ಡ, ರೆಕ್ಕೆ ಮೊಟಕು, ಬಣ್ಣ ಸುತ್ತಲಿನ ಕಲ್ಲುಗಳದ್ದು, ಕಾಲುಗಳು ಬಿಸಿ ನೆಲದ ಮೇಲೆ ಓಡಲು ತಕ್ಕಂತೆ ಉದ್ದ. ಮಲೇಷ್ಯಾದ ಡೆರೊಪ್ಲಾಟಿಸ್‌ನಲ್ಲಿ ಎದೆಯ ಮೇಲಿನ ಕವಚ ಎರಡೂ ಬದಿಗೆ ಹರಡಿ, ಅಂಚು ಮುರಿದ ಒಣ ಎಲೆಯ ಆಕಾರ ತಾಳಿದೆ. ಮುಂಗಾಲಿನ ಮೂಲ ವಿನ್ಯಾಸ ಮಾತ್ರ ಈ ನಾಲ್ಕರಲ್ಲೂ ಒಂದೇ.

ಹೂವಿನ ವಿಷಯದಲ್ಲಿ ತುಸು ನಿಲ್ಲಬೇಕು. ಆಗ್ನೇಯ ಏಷ್ಯಾದ ಆರ್ಕಿಡ್ ಮ್ಯಾಂಟಿಸ್, ಅಂದರೆ ಹೈಮೆನೋಪಸ್ ಕೊರೊನೇಟಸ್, ಹೂವಿನ ನಡುವೆ ಅಡಗಿ ಕೂರುತ್ತದೆ ಎಂದು ಬಹುಕಾಲ ಹೇಳಿಕೊಂಡು ಬರಲಾಯಿತು. ಆದರೆ ಜೇಮ್ಸ್ ಒಹಾನ್ಲನ್ ಮತ್ತು ಸಂಗಡಿಗರು ಮಲೇಷ್ಯಾದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೂವಿನಿಂದ ಬೇರೆಯಾಗಿ ಒಂಟಿಯಾಗಿ ಕೂತ ಎಳೆಯ ಕೀಟದ ಬಳಿಗೂ ಪರಾಗಸ್ಪರ್ಶಿ ಕೀಟಗಳು ಹಾರಿ ಬಂದವು, ಅದೂ ಅಲ್ಲಿನ ಒಂದು ಸಾಮಾನ್ಯ ಹೂವಿಗೆ ಬಂದುದಕ್ಕಿಂತ ಹೆಚ್ಚಾಗಿ. ಹೀಗಾಗಿ ಇದನ್ನು ಮರೆಮಾಚುವಿಕೆ ಎನ್ನುವುದಕ್ಕಿಂತ ಆಮಿಷ ಎನ್ನುವುದು ಸರಿ. ಹೆಣ್ಣು 6ರಿಂದ 7 ಸೆಂಟಿಮೀಟರ್ ಬೆಳೆದರೆ ಗಂಡು ಅದರ ಅರ್ಧಕ್ಕಿಂತಲೂ ಚಿಕ್ಕದು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗಳಂತೂ ಹೂವಿನ ಬಣ್ಣದವೇ ಅಲ್ಲ, ಕೆಂಪು ಮತ್ತು ಕಪ್ಪು. ಏಷ್ಯಾದ ಒಡೊಂಟೊಮ್ಯಾಂಟಿಸ್‌ನ ಮರಿಗಳು ಸಾಕ್ಷಾತ್ ಕರಿ ಇರುವೆಗಳಂತೆ ಕಾಣುತ್ತವೆ. ವಯಸ್ಸಿನೊಂದಿಗೆ ವೇಷ ಬದಲಾಗುವುದರಿಂದ, ರೆಕ್ಕೆ ಪೂರ್ತಿ ಬೆಳೆಯದ ಮರಿಯನ್ನು ಚಿತ್ರಪುಟಕ್ಕೆ ಹೋಲಿಸಿ ಹೆಸರಿಡುವ ಆತುರ ಬೇಡ ಎಂಬುದು ನನ್ನ ಅಭಿಪ್ರಾಯ.

ಎಲ್ಲ ವ್ಯತ್ಯಾಸಗಳನ್ನೂ ಕೂರುವ ಜಾಗದಿಂದಲೇ ವಿವರಿಸಲು ಬರುವುದಿಲ್ಲ. ಅನೇಕ ಮ್ಯಾಂಟಿಸ್‌ಗಳಿಗೆ ಎದೆಯ ಅಡಿಭಾಗದಲ್ಲಿ, ಹಿಂಗಾಲುಗಳ ಬುಡದ ನಡುವೆ ಒಂದೇ ಒಂದು ಕಿವಿಯಿದೆ ಎಂಬುದನ್ನು ಡೇವಿಡ್ ಯೇಗರ್ ಮತ್ತು ರೊನಾಲ್ಡ್ ಹಾಯ್ 1986ರಲ್ಲಿ ತೋರಿಸಿದರು. ಅದು ಬಾವಲಿಗಳ ಶ್ರವಣಾತೀತ ಕೂಗನ್ನು ಹಿಡಿಯುತ್ತದೆ, ಕೂಗು ಕೇಳಿದ ಕೀಟ ಹಾರಾಟದ ನಡುವೆಯೇ ದಿಕ್ಕು ಬದಲಿಸಿ ಕೆಳಗಿಳಿಯುತ್ತದೆ. ರಾತ್ರಿ ಹಾರುವ ಗಂಡುಗಳಲ್ಲಿ ಈ ಕಿವಿ ಚುರುಕಾಗಿದ್ದು, ರೆಕ್ಕೆ ಮೊಟಕಾಗಿ ಹಾರಲಾರದ ಹೆಣ್ಣುಗಳಲ್ಲಿ ಅದು ಮಂಕಾಗಿರುತ್ತದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಗೊಂಗೈಲಸ್ ಗೊಂಗೈಲೋಡೆಸ್, ಅಂದರೆ ಪಿಟೀಲು ಮ್ಯಾಂಟಿಸ್, ಇದೇ ರೀತಿಯ ಇನ್ನೊಂದು ಉದಾಹರಣೆ: ಕಾಲುಗಳ ಮೇಲಿನ ಎಲೆಯಂಥ ಹಾಳೆಗಳು ಅಡಗಲು ನೆರವಾದರೆ, ಗಂಡಿನ ಬಾಚಣಿಗೆಯಾಕಾರದ ಮೀಸೆಗಳು ಇರುವುದು ಹೆಣ್ಣಿನ ವಾಸನೆ ಹಿಡಿಯಲಿಕ್ಕೆ.

ಜಾಗ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡ್ ಉತ್ತರ ಕೊಡುತ್ತದೆ. ದಕ್ಷಿಣ ಆಫ್ರಿಕದ ಮಿಯೊಮ್ಯಾಂಟಿಸ್ ಕಾಫ್ರಾ 1978ರಲ್ಲಿ ಆಕ್ಲೆಂಡ್‌ನಲ್ಲಿ ಕಂಡುಬಂದಿತು. ಅಲ್ಲಿನ ಸ್ಥಳೀಯ ಪ್ರಭೇದವಾದ ಆರ್ಥೊಡೆರಾದ ಗಂಡುಗಳು ಈ ಹೊರಗಿನ ಹೆಣ್ಣುಗಳ ವಾಸನೆಗೆ ಮರುಳಾಗಿ ಹತ್ತಿರ ಹೋಗಿ ಆಹಾರವಾಗುತ್ತವೆಂದು 2013ರ ಅಧ್ಯಯನವೊಂದು ತಿಳಿಸಿತು. ಅಮೆರಿಕಕ್ಕೆ 1896ರ ಸುಮಾರಿಗೆ ಬಂದ ಚೀನೀ ಮ್ಯಾಂಟಿಸ್ ಅಲ್ಲಿ ಪುಟ್ಟ ಹಮ್ಮಿಂಗ್‌ಬರ್ಡ್‌ಗಳನ್ನೂ ಹಿಡಿದು ತಿಂದದ್ದುಂಟು. ನಮ್ಮ ಕರ್ನಾಟಕದಲ್ಲೇ ಮನೆಯೊಂದರ ತಾರಸಿ ತೋಟದ ಕೊಳದಲ್ಲಿ ಗಂಡು ಹೀರೊಡ್ಯುಲಾವೊಂದು ಐದು ದಿನಗಳಲ್ಲಿ ಒಂಬತ್ತು ಗಪ್ಪಿ ಮೀನುಗಳನ್ನು ಹಿಡಿದು ತಿಂದ ಸಂಗತಿ 2018ರಲ್ಲಿ ಪ್ರಕಟವಾಯಿತು. ಹಿಡಿತಕ್ಕೆ ಸಿಕ್ಕಿದ್ದನ್ನೆಲ್ಲ ತಿನ್ನುವ, ಜೇನುನೊಣವನ್ನೂ ಬಿಡದ ಈ ಬೇಟೆಗಾರನಿಗೆ ರೈತಮಿತ್ರ ಎಂಬ ಬಿರುದನ್ನು ಕಣ್ಣುಮುಚ್ಚಿ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಚಳಿಗಾಲದಲ್ಲಿ ಟೇಕಡಿಯ ಹುಲ್ಲು ಒಣಗಿದ ಮೇಲೆ ದೊಡ್ಡ ಕೀಟಗಳು ಅಪರೂಪವಾದರೂ ಅಭ್ಯಾಸ ನಿಲ್ಲಿಸಬೇಕಾಗಿಲ್ಲ. ಹೆಣ್ಣು ನೊರೆಯಂತೆ ಸ್ರವಿಸಿ ಗಟ್ಟಿಯಾಗುವ ಊಥಿಕಾ ಎಂಬ ಮೊಟ್ಟೆಗೂಡು ದಂಟು, ಕೊಂಬೆ, ಕಲ್ಲುಗಳಿಗೆ ಅಂಟಿಕೊಂಡಿರುತ್ತದೆ, ಅದರ ಆಕಾರ ಕುಲದಿಂದ ಕುಲಕ್ಕೆ ಬೇರೆ. ಗೂಡನ್ನು ಕೀಳದೆ ಅಲ್ಲಿಯೇ ಪರೀಕ್ಷಿಸಿ. ಮ್ಯಾಂಟಿಸ್ ಮರಿಗಳು ಗೂಡಿನ ನಡುಗೆರೆಯುದ್ದಕ್ಕೂ ಇರುವ ಪದರಗಳನ್ನು ಸರಿಸಿ ಹೊರಬರುವುದರಿಂದ ಹೆಚ್ಚಿನ ಗುರುತು ಉಳಿಯುವುದಿಲ್ಲ. ಪಕ್ಕಗಳಲ್ಲಿ ಸಣ್ಣ ದುಂಡನೆಯ ತೂತುಗಳಿದ್ದರೆ, ಒಳಗಿನ ಮೊಟ್ಟೆಗಳನ್ನು ತಿಂದು ಬೆಳೆದ ಪೊಡಾಗ್ರಿಯಾನ್‌ನಂಥ ಪರಾವಲಂಬಿ ಕಣಜಗಳು ಅಲ್ಲಿಂದ ಕೊರೆದುಕೊಂಡು ಹೊರಟಿವೆ ಎಂದು ಬರೆದುಕೊಳ್ಳಬಹುದು.